ಮೂಲೆ ಸೈಟಲ್ಲಿ ಕುರ್ಚಿ ಹಾಕ್ಕೊಂಡು ಕೂತವರು

ನಿಮ್ಮನೆ ಪಕ್ಕದ ಖಾಲಿ ಸೈಟಿಗೆ ಒಂದೇ ಒಂದು ಸಲಾನೂ ಕಸ ಎಸೆದಿಲ್ಲ ಅಂತ ಎದೆ ಮುಟ್ಕೊಂಡು ಹೇಳ್ತೀರಾ? ಬೇಡ ಬಿಡಿ, ಕೈ ಕೆಳಗಿಳಿಸಿ. ನಾನೂ ಎಸ್ದಿದ್ದೀನಿ. ಎಸ್ದಿದ್ದಕ್ಕೇ ನನಗೆ ಅವ್ರ ಪರಿಚಯ ಆಗಿದ್ದು.

ಹೋದ ತಿಂಗಳು ಅವ್ರು ತೀರ್ಕೊಂಡ್ರು. ಎಂಬತ್ತರ ಮೇಲೆ ಎಷ್ಟೋ ಆಗಿತ್ತು, ಕೇಳಿದ್ರೆ ಹೇಳ್ತಿರ್ಲಿಲ್ಲ. ಮೊಮ್ಮಗಳು ನನಗೆ ಫೋನಲ್ಲಿ ಕನ್ನಡ ಟೈಪ್ ಮಾಡೋದು ಹೇಳ್ಕೊಟ್ಟು ಇನ್ನೂ ಎರಡು ತಿಂಗಳಾಗಿಲ್ಲ, ಒಂದು ಒತ್ತಕ್ಷರ ಹುಡುಕೋಷ್ಟ್ರಲ್ಲಿ ಸಾರು ಸೀದೋಗತ್ತೆ. ಆದ್ರೂ ಅವ್ರ ಬಗ್ಗೆ ಬರೀಲೇಬೇಕು ಅನ್ನಿಸ್ತು. ಹೆಸ್ರು ಮಾತ್ರ ಹಾಕಲ್ಲ. ಯಾಕೆ ಅಂತ ಓದ್ತಾ ಓದ್ತಾ ನಿಮಗೇ ಗೊತ್ತಾಗತ್ತೆ.

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಜೀವನ್ ಬಿಮಾ ನಗರದಲ್ಲಿ ನಮ್ಮನೆ, ಮೊದಲನೇ ಮಹಡಿ. ನಮ್ಮ ಯಜಮಾನ್ರದ್ದು ಇನ್ಶೂರೆನ್ಸ್ ಆಫೀಸು. ಮನೆ ಮಗ್ಗುಲಿಗೇ, ರಸ್ತೆ ಮೂಲೇಲಿ, ಒಂದು ದೊಡ್ಡ ಸೈಟು ಖಾಲಿ ಬಿದ್ದಿತ್ತು. ಖಾಲಿ ಅಂದ್ನಾ? ಎದೆಮಟ್ಟ ಪಾರ್ಥೇನಿಯಂ, ಹರಳುಗಿಡ, ಒಡೆದ ಕಮೋಡು, ಎಳನೀರು ಬುರುಡೆ, ಛತ್ರದವರು ತಂದು ಸುರಿದ ಎಂಜಲೆಲೆ, ಯಾರೋ ಗೋಡೆ ಒಡೆಸಿದ ಇಟ್ಟಿಗೆ ಚೂರು. ಎಲ್ಲಾ ಇತ್ತು, ಖಾಲಿ ಜಾಗ ಒಂದು ಬಿಟ್ಟು.

ಅವರೆಕಾಯಿ ಕಾಲ. ಸುಲಿದ ಸಿಪ್ಪೆ ಪೇಪರಲ್ಲಿ ಸುತ್ತಿ, ಬಾಲ್ಕನೀಲಿ ನಿಂತು ಎಡಕ್ಕೆ ಬಲಕ್ಕೆ ನೋಡಿ, ಬೀಸಿ ಎಸೆದೆ. ಮಾರನೇ ದಿನ ಬೆಳಗ್ಗೆ ಯಾರೋ ಬಾಗಿಲು ಬಡಿದ್ರು. ತೆಗೆದ್ರೆ, ಎತ್ತರಕ್ಕೆ ಕಡ್ಡಿ ಹಂಗಿರೋ ಒಬ್ಬ ಹೆಂಗಸು. ಗಂಜಿ ಹಾಕಿದ ಕಾಟನ್ ಸೀರೆ, ಮೂಗಿನ ತುದೀಲಿ ಕನ್ನಡಕ, ಕಂಕುಳಲ್ಲಿ ಗಂಡಸರು ಹಿಡಿಯೋ ಅಂಥ ಕಪ್ಪು ಕೊಡೆ. ಕೈಯಲ್ಲಿ ನನ್ನ ಪೊಟ್ಟಣ.

“ನಿಮ್ಮ ಸಾಮಾನು ಕೆಳಗೆ ಬಿದ್ದೋಗಿತ್ತು ರೀ” ಅಂದ್ರು.

ನಮ್ಮದಲ್ಲ ಅಂದೆ. ಅವ್ರು ಪೊಟ್ಟಣದೊಳಗಿಂದ ಒಂದು ಪೋಸ್ಟ್ ಕಾರ್ಡ್ ಎಳೆದು, ಬೆಳಕಿಗೆ ಹಿಡಿದು, ಅದ್ರ ಮೇಲಿದ್ದ ನನ್ನ ವಿಳಾಸಾನ ನಿಧಾನಕ್ಕೆ ಓದಿದ್ರು. ಆಮೇಲೆ ಹಿಂದುಮುಂದು ಮಾಡಿ, ತುಮಕೂರಲ್ಲಿರೋ ನಿಮ್ಮಕ್ಕಂಗೆ ಮಂಡಿನೋವಂತೆ, ಒಂದು ಕಾಗದ ಹಾಕಿ ಅಂತ ಹೇಳಿ ಮೆಟ್ಟಿಲಿಳಿದ್ರು. ಇಳಿಯುವಾಗ ಮೆಟ್ಟಿಲ ಕೆಳಗೆ ನಾವು ಇಟ್ಟಿದ್ದ ಒರಳುಕಲ್ಲು, ಹಳೇ ಸೈಕಲ್ಲು, ಒಡೆದ ಬಕೆಟ್ಟು ಎಲ್ಲದ್ರ ಮೇಲೂ ಒಂದು ಸಲ ಕಣ್ಣಾಡಿಸಿದ್ರು. ಇವ್ರು ಕಣ್ಣಾಡಿಸಿದ್ದು ಯಾವ್ದೂ ಮರೆಯಲ್ಲ ಅಂತ ನನಗೆ ಆಮೇಲೆ ಗೊತ್ತಾಯ್ತು.

ಅವ್ರು ಹುಟ್ಟಿದ್ದು ಬೆಳೆದಿದ್ದು ಹಲಸೂರು, ಆಗ ನಮ್ಮ ಬಡಾವಣೇಲೇ ಇದ್ರು. ಮನೇಲಿ ತಮಿಳು, ಬೀದೀಲಿ ಕನ್ನಡ, ಲಾರಿಯವರ ಹತ್ರ ಶಿವಾಜಿನಗರದ ಉರ್ದು, ಆಫೀಸರುಗಳ ಹತ್ರ ಇಂಗ್ಲಿಷು. ವಿಮಾನದ ಕಾರ್ಖಾನೇಲಿ ಟ್ರೇಸರ್ ಆಗಿದ್ರು. ಅಂದ್ರೆ ಇಂಜಿನಿಯರುಗಳು ಪೆನ್ಸಿಲಲ್ಲಿ ಬರೆದ ನಕ್ಷೆ ಮೇಲೆ ತೆಳ್ಳನೆ ಬಟ್ಟೆ ಹಾಸಿ ಇಂಕಲ್ಲಿ ತಿದ್ದೋ ಕೆಲಸ. ಇಡೀ ಆಯುಷ್ಯ ಹಂಗೇ ಬಗ್ಗಿ ಬಗ್ಗಿ, ರಿಟೈರ್ ಆದಮೇಲೂ ಯಾವ ಕಾಗದ ಕೊಟ್ರೂ ಮೊದಲು ಬೆಳಕಿಗೆ ಹಿಡಿಯೋರು. ಮದುವೆ ಕಾರ್ಡಾದ್ರೂ ಅಷ್ಟೇ, ಕರೆಂಟ್ ಬಿಲ್ಲಾದ್ರೂ ಅಷ್ಟೇ.

ಇನ್ನೊಂದು ಅಭ್ಯಾಸ. ಆಗ ವಿಮಾನಗಳು ನಮ್ಮ ತಲೆ ಮೇಲೇ ಇಳೀತಿದ್ವು, ಒಣಗಾಕಿದ ಬಟ್ಟೆ ಎತ್ಕೊಂಡ್ಹೋಗ್ತಾವೇನೋ ಅನ್ನೋ ಹಂಗೆ. ಸದ್ದಿಗೆ ನಾವೆಲ್ಲ ಕಿರಿಚ್ಕೊಂಡು ಮಾತಾಡೋರು. ಅವ್ರು ಹಂಗಲ್ಲ. ಮಾತಿನ ಮಧ್ಯ ವಿಮಾನ ಬಂದ್ರೆ ಬಾಯಿ ಮುಚ್ಚಿ ಮೇಲೆ ನೋಡೋರು. ಅದು ಹೋದಮೇಲೆ ನಿಲ್ಲಿಸಿದ ಪದದಿಂದಾನೇ ಮುಂದುವರ್ಸೋರು. ನಾನು ಒಂದ್ಸಲ ಬೇಕಂತಲೇ ವಿಷಯ ಬದಲಾಯಿಸಿ ನೋಡ್ದೆ. ಆಗ್ಲಿಲ್ಲ. ಅವ್ರ ಅರ್ಧ ವಾಕ್ಯ ಅಲ್ಲೇ ಕಾಯ್ತಾ ಕೂತಿತ್ತು.

ಪೊಟ್ಟಣದ ಪ್ರಕರಣ ಆದ ವಾರದಲ್ಲೇ ಅವ್ರು ಆ ಮೂಲೆ ಸೈಟಿಗೆ ಒಂದು ಮಡಚೋ ಕಬ್ಬಿಣದ ಕುರ್ಚಿ ತಂದು, ಪಾರ್ಥೇನಿಯಂ ತುಳಿದು ಅಷ್ಟು ಜಾಗ ಮಾಡ್ಕೊಂಡು, ಕೂತ್ರು. ಸಾಯಂಕಾಲ ನಾಲ್ಕರಿಂದ ಐದು. ಕೊಡೆ ಬಿಚ್ಕೊಂಡು, ಮೊರದಲ್ಲಿ ಅವರೆಕಾಯಿ ಇಟ್ಕೊಂಡು. ಅಷ್ಟೇ. ಬಾಲ್ಕನಿಯಿಂದ ನೋಡಿ ನಮ್ಮ ಯಜಮಾನ್ರು, ಪಾಪ ತಲೆ ಕೆಟ್ಟಿದೆ ಅಂದ್ರು. ಮೂರನೇ ದಿನ ಒಂದು ಲಾರಿ ಬಂತು, ಮಣ್ಣು ಸುರಿಯೋಕೆ. ಡ್ರೈವರ್ರು ಏಳಮ್ಮ ಅಂದ. ಇವ್ರು ಎದ್ದೇಳಲಿಲ್ಲ, ಉರ್ದೂಲಿ ಅವನ ಮನೆ ಎಲ್ಲಿ ಅಂತ ವಿಚಾರಿಸಿದ್ರು. ಯಾಕೆ ಅಂದ. ನಮ್ಮನೇಲೂ ಸ್ವಲ್ಪ ಇಟ್ಟಿಗೆ ಚೂರು ಉಳಿದಿದೆ, ನಿಮ್ಮ ಬಾಗಿಲಿಗೆ ತಂದು ಹಾಕ್ತೀನಿ, ನಿಮ್ಮ ಹೆಂಡ್ತಿ ಬೈತಾಳೋ ಹೆಂಗೆ ಅಂದ್ರು. ಅವನು ನಕ್ಕು ಗಾಡಿ ರಿವರ್ಸ್ ತಗೊಂಡ.

ನಾನು ನಾಲ್ಕನೇ ದಿನ ಇಳಿದು ಹೋದೆ, ಕುತೂಹಲ ತಡೀಲಾರ್ದೆ. ಏನ್ಮಾಡ್ತಿದ್ದೀರಾ ಅಂದೆ.

“ಕೂತಿದ್ದೀನಿ. ಜನ ಕೂತಿರೋ ಕಡೆ ಯಾರೂ ಕಸ ಹಾಕಲ್ಲ ಕಣಮ್ಮ. ನೀನೂ ಒಂದು ಕುರ್ಚಿ ತಗೊಂಬಾ.”

ಅರ್ಜಿ ಗಿರ್ಜಿ ಎಲ್ಲ ಆಮೇಲೆ ಅಂತಿದ್ರು, ಮೊದ್ಲು ಕೂರೋದು. ಹಲಸೂರಲ್ಲಿ ಪಾಳು ಬಿದ್ದ ಒಂದು ಹಾಲಿನ ಬೂತನ್ನ ಹಿಂಗೇ ಕೂತು ಕೂತು ಪೇಪರ್ ಓದೋ ಕೋಣೆ ಮಾಡಿಸಿದ್ರಂತೆ. ಸಂಕ್ರಾಂತಿ ಹೊತ್ತಿಗೆ ಮೂಲೆ ಸೈಟಲ್ಲಿ ಏಳೆಂಟು ಕುರ್ಚಿ ಆದ್ವು. ಇದುಕಿದ ಬೇಳೆ ರಾಶಿ ಬಿತ್ತು. ಒಂದೇ ಒಂದು ಕಟ್ಟುಪಾಡು: ಗಂಡನ ಮೇಲಿನ ಕಂಪ್ಲೇಂಟು ಒಬ್ಬೊಬ್ಬರಿಗೆ ಐದು ನಿಮಿಷ, ಆಮೇಲೆ ಎದ್ದು ಗಿಡ ಕೀಳ್ಬೇಕು. ನಾನು ಬಹಳ ಗಿಡ ಕಿತ್ತೆ.

ಆ ಕೊಡೆ ಒಳಗೆ ಅವ್ರು ನಮ್ಮ ಬಡಾವಣೆ ನಕ್ಷೆ ಸುತ್ತಿ ಇಟ್ಕೊಂಡಿದ್ರು. ನೀಲಿ ಗೆರೆ ಪ್ರಿಂಟು, ಅದ್ರಿಂದ ಇನ್ನೂ ಅಮೋನಿಯಾ ವಾಸನೆ ಬರೋದು. ಮಳೆ ಬಂದು ಕೊಡೆ ಬಿಚ್ಚಿದ್ರೆ ಮೊದಲು ನಕ್ಷೆ ಬೀಳೋದು. ಅದ್ರಲ್ಲಿ ಎಲ್ಲಾ ಸೈಟಿಗೂ ನಂಬರಿದೆ, ಈ ಮೂಲೆಗೆ ಮಾತ್ರ ಇಲ್ಲ. ಸಾರ್ವಜನಿಕರ ಉಪಯೋಗಕ್ಕೆ ಅಂತ ಸಣ್ಣಕ್ಷರ. ನಾನು, ಓ ಇದು ಯಾರದ್ದೂ ಅಲ್ವಲ್ಲ ಅಂದೆ. ಅವ್ರಿಗೆ ಚುಚ್ಚಿದ ಹಂಗಾಯ್ತು. “ಡ್ರಾಯಿಂಗಲ್ಲಿ ಗೆರೆ ಇಲ್ದಿರೋ ಜಾಗ ಇರತ್ತಲ್ಲ, ಅದನ್ನ ಮರೆತು ಬಿಟ್ಟಿರಲ್ಲಮ್ಮ. ಯಾರೋ ಯೋಚ್ನೆ ಮಾಡೇ ಬಿಟ್ಟಿರ್ತಾರೆ” ಅಂದ್ರು. ಆ ಮಾತು ನನಗೆ ಇವತ್ತಿಗೂ, ಯಾರದ್ದಾದ್ರೂ ಖಾಲಿ ಕಾಂಪೌಂಡು ಕಂಡ್ರೆ, ಜ್ಞಾಪಕ ಬರತ್ತೆ.

ಯಾರಿಗೋಸ್ಕರ ಬಿಟ್ಟಿದ್ದು ಅಂತಾನೂ ಅವ್ರೇ ತೀರ್ಮಾನ ಮಾಡ್ಕೊಂಡಿದ್ರು. ಮೂರನೇ ಕ್ರಾಸಲ್ಲಿ ಒಬ್ಬರ ಕಾರ್ ಶೆಡ್ಡಲ್ಲಿ ಒಂದು ಬಾಲವಾಡಿ ನಡೀತಿತ್ತು. ನಮ್ಮನೆಗಳಲ್ಲಿ ಪಾತ್ರೆ ತೊಳೆಯೋರ, ಗಾರೆ ಕೆಲಸದೋರ ಮಕ್ಕಳು. ಶೆಡ್ಡಿನ ಯಜಮಾನ್ರು ಕಾರು ಬುಕ್ ಮಾಡಿದ್ರು, ಆಗೆಲ್ಲ ಬುಕ್ ಮಾಡಿದ್ರೆ ಕಾರು ಬರೋಕೆ ಎರಡು ಮೂರು ವರ್ಷ. ಕಾರು ಬಂದ ದಿನ ಮಕ್ಕಳು ಆಚೆ. ಬಾಲವಾಡಿ ಟೀಚರು ಇವ್ರ ಹತ್ರ ಬಂದು ಅತ್ತಿದ್ರಂತೆ. ಇವ್ರು ಮಾತು ಕೊಟ್ಬಿಟ್ಟಿದ್ರು. ಯಾಕಿಷ್ಟು ಹಚ್ಕೊಂಡಿದ್ದೀರಾ ಅಂತ ಒಂದಿನ ಕೇಳ್ದೆ. ಮಗಳಿಗೆ ಆರು ತಿಂಗಳಿದ್ದಾಗ ಗಂಡ ಹೋದ್ರಂತೆ. ಕಾರ್ಖಾನೇಲಿ ಮಕ್ಕಳನ್ನ ನೋಡ್ಕೊಳ್ಳೋ ಒಂದು ಕೋಣೆ ಇತ್ತಂತೆ, ಅದ್ರ ಕಿಟಕಿ ಇವ್ರ ಮೇಜಿಗೆ ಕಾಣೋದಂತೆ. “ಆ ಕೋಣೆ ಇಲ್ದಿದ್ರೆ ನಾನೂ ಯಾರ ಮನೇಲೋ ಪಾತ್ರೆ ತೊಳೀತಿದ್ದೆ” ಅಂದು, ಬೇಳೆ ಇದುಕೋಕೆ ಶುರು ಮಾಡಿದ್ರು.

ಎರಡು ವರ್ಷ ಕಾರ್ಪೊರೇಷನ್ನಿಗೆ ಅರ್ಜಿ ಕೊಟ್ಟು ಕೊಟ್ಟು, ಕೊನೆಗೂ ಒಬ್ಬ ಇಂಜಿನಿಯರು ಜಾಗ ನೋಡೋಕೆ ಬರ್ತೀನಿ ಅಂತ ಒಪ್ಕೊಂಡ್ರು. ಜಾಗ ಜನರ ಬಳಕೇಲಿದ್ರೆ ಬಾಲವಾಡಿಗೆ ಬರ್ಕೊಡ್ತೀನಿ, ಪಾಳು ಬಿದ್ದಿದ್ರೆ ಬೇರೆಯವ್ರು ಕೇಳ್ತಿದ್ದಾರೆ, ಅವ್ರಿಗೆ ಹೋಗತ್ತೆ, ಇಷ್ಟು ಅವ್ರ ಮಾತು. ಬರೋದಕ್ಕೆ ಇನ್ನೂ ಮೂರು ವಾರ ಇತ್ತು. ಅಷ್ಟರಲ್ಲಿ ಇವ್ರ ತಂಗಿ ಮಗಳ ಮದುವೆ, ಕೋಲಾರದಲ್ಲಿ. ಎರಡು ವಾರ ಇರಲ್ಲ, ಸೈಟು ನೋಡ್ಕೋ ಅಂತ ಕುರ್ಚಿ ನನ್ನ ಕೈಗೆ ಕೊಟ್ರು.

ಹೋಗೋ ಮುಂಚೆ ಒಂದು ಮಾತು ಹೇಳಿದ್ರು. ನಮ್ಮಲ್ಲಿ ಯಾರೋ, ಗೋಡೆಗೆ ದೇವ್ರ ಫೋಟೋ ಟೈಲ್ಸ್ ಅಂಟಿಸಿದ್ರೆ ಯಾರೂ ಗಲೀಜು ಮಾಡಲ್ಲ, ಇಲ್ಲೂ ಹಂಗೇ ಮಾಡೋಣ ಅಂದಿದ್ರು. ಇವ್ರು ಬೇಡ ಅಂದ್ರು.

“ದೇವ್ರನ್ನ ಕರೆದು ಕೂರ್ಸೋದು ಸುಲಭ. ಆಮೇಲೆ ಸ್ವಲ್ಪ ಜರುಗಿ ಸ್ವಾಮಿ, ಮಕ್ಕಳು ಬರ್ತಾವೆ ಅಂತ ಹೇಳೋರ್ಯಾರು?”

ನಾನು ಹೂಂ ಅಂದೆ. ಹೂಂ ಅನ್ನೋದ್ರಲ್ಲಿ ನಾನು ಯಾವತ್ತೂ ಮುಂದೆ.

ಮೊದಲ ಮೂರು ದಿನ ಕೂತೆ, ಒಬ್ಳೇ; ಮಿಕ್ಕವ್ರ ಕುರ್ಚಿಗಳು ಅಷ್ಟೊತ್ತಿಗೆ ಒಂದೊಂದಾಗಿ ಮನೆ ಸೇರಿದ್ವು. ಬಿಸಿಲು. ಟೀವೀಲಿ ನಾಲ್ಕು ಗಂಟೆ ಸೀರಿಯಲ್ಲು ಬೇರೆ ಆಗ ಹೊಸದು. ನಾಲ್ಕನೇ ದಿನ ಹೋಗ್ಲಿಲ್ಲ, ಐದನೇ ದಿನ ಛತ್ರದವರು ಒಂದು ಗಾಡಿ ಎಂಜಲೆಲೆ ಸುರಿದು ಹೋಗಿದ್ರು. ಆರನೇ ದಿನ ಹಂದಿ. ನನಗೆ ಭಯ ಆಯ್ತು. ಅಲ್ಲಿ ಕೂರೋಕೂ ಆಗಲ್ಲ, ಬಿಡೋಕೂ ಆಗಲ್ಲ. ಆಗ ನನ್ನ ಕಣ್ಣು ಮೆಟ್ಟಿಲ ಕೆಳಗಿನ ಒರಳ ಮೇಲೆ ಬಿತ್ತು. ವೆಟ್ ಗ್ರೈಂಡರ್ ಬಂದಮೇಲೆ ಅದು ಅಲ್ಲೇ ಬಿದ್ದಿತ್ತು. ಒರಳು ಎತ್ತೋಕಾಗಲ್ಲ. ಆದ್ರೆ ರುಬ್ಬೋ ಗುಂಡು? ಕರ್ರಗೆ, ನುಣ್ಣಗೆ, ಮೇಲೆ ಸಣ್ಣಗೆ, ಕೆಳಗೆ ದುಂಡಗೆ. ನಮ್ಮತ್ತೆ ಅದ್ರಲ್ಲಿ ನಲವತ್ತು ವರ್ಷ ದೋಸೆಹಿಟ್ಟು ರುಬ್ಬಿದ್ರು.

ಬೆಳಗ್ಗೆ ಹಾಲಿನವ್ನು ಬರೋ ಮುಂಚೆ, ಗೋಣಿಚೀಲದ ಮೇಲೆ ಉರುಳಿಸ್ಕೊಂಡು ಹೋಗಿ, ಸೈಟ್ ಮಧ್ಯ ನೆಟ್ಟೆ. ಅರಿಶಿನ ಬಳಿದೆ, ಕುಂಕುಮ ಇಟ್ಟೆ. ಮೇಲ್ಗಡೆ ಮರದ ಹಿಡಿ ಸಿಗಿಸೋ ತೂತಿರತ್ತಲ್ಲ, ಅದಕ್ಕೆ ಒಂದು ಕಣಗಿಲೆ ಹೂ ಸಿಗಿಸ್ದೆ. ಮನೆಗೆ ಬಂದು ಕಾಫಿ ಕುಡ್ದೆ.

ಕಸ ಅವತ್ತೇ ನಿಂತೋಯ್ತು. ಛತ್ರದವರು ತಾವೇ ಬಂದು ಎಲೆಗಳ್ನ ಎತ್ಕೊಂಡು, ಕೆನ್ನೆ ಬಡ್ಕೊಂಡು ಹೋದ್ರು. ನನ್ನ ಬುದ್ಧಿವಂತಿಕೆಗೆ ನಾನೇ ಬೀಗ್ತಾ ಇದ್ದೆ. ಎರಡನೇ ದಿನ ಯಾರೋ ತೆಂಗಿನಕಾಯಿ ಒಡೆದ್ರು. ನಾಲ್ಕನೇ ದಿನ ದೀಪ. ಎದುರು ಮನೆಯವ್ರು ನನ್ನ ಹತ್ರ ಬಂದು, ಇದು ಉದ್ಭವ ಅಂತೆ ಕಣ್ರೀ, ನಮ್ಮತ್ತೆಗೆ ಆರು ತಿಂಗಳಿಂದ ಕನಸಲ್ಲಿ ಬರ್ತಿತ್ತಂತೆ ಅಂತ ಪಿಸುಗುಟ್ಟಿದ್ರು. ನನ್ನ ಗುಂಡಿನ ಪ್ರಸಾದ ನನಗೇ ಕೊಟ್ರು. ಕಣ್ಣಿಗೊತ್ಕೊಂಡು ತಿಂದೆ. ಇನ್ನೇನ್ಮಾಡ್ಲಿ?

ವಾರ ತುಂಬೋಷ್ಟ್ರಲ್ಲಿ ನಮ್ಮ ಏರಿಯಾಗೆ ಕೇಬಲ್ ಟೀವಿ ಕೊಡ್ತಿದ್ದ ಒಬ್ರು, ಕೇಬಲ್‌ನವ್ರು ಅಂತಿದ್ವಿ, ದೇವಸ್ಥಾನದ ಕಮಿಟಿ ಮಾಡ್ಬಿಟ್ರು. ಅವ್ರದ್ದು ಪಕ್ಕದ ಹಳ್ಳಿ ಹಳೇ ಮನೆತನ. ಬಡಾವಣೆ ಆಗೋ ಮುಂಚೆ ಇದೆಲ್ಲ ನಮ್ಮಜ್ಜನ ರಾಗಿ ಹೊಲ, ದೇವ್ರು ಸರಿಯಾದ ಜಾಗ ನೋಡೇ ಎದ್ದಿದ್ದಾನೆ ಅಂದ್ರು. ಕಬ್ಬಿಣದ ಕಂಬ ನೆಡ್ಸಿದ್ರು, ಶೀಟ್ ಹೊದಿಸಿದ್ರು. ಭಜನೆಗೆ ಕೂರೋಕೆ ಅಂತ ಅಗಲಕ್ಕೆ ಸಿಮೆಂಟ್ ನೆಲ ಹಾಕಿಸಿದ್ರು. ನಮ್ಮ ಯಜಮಾನ್ರು ಆಫೀಸಿಗೆ ಹೋಗ್ತಾ ದಿನಾ ಮೂರು ಸುತ್ತು ಹಾಕೋಕೆ ಶುರು ಮಾಡಿದ್ರು, ಪ್ರಮೋಷನ್ ಇತ್ತು ಪಾಪ.

ಸಿಮೆಂಟ್ ಹಾಕಿದ ಮಾರನೇ ದಿನ ಅವ್ರು ಕೋಲಾರದಿಂದ ಬಂದ್ರು. ಸೀದಾ ಸೈಟಿಗೆ. ಕೊಡೆ ಮಡಚಿ ಕಂಕುಳಿಗಿಟ್ಕೊಂಡು, ಒಂದು ಸುತ್ತು ಬಂದ್ರು. ಕಂಬ ಅಲ್ಲಾಡಿಸಿ ನೋಡಿದ್ರು. ಹಸಿ ಸಿಮೆಂಟ್ ಮೇಲೆ ಹಾಸಿದ್ದ ಹಲಗೆ ಮೇಲೆ ಹೆಜ್ಜೆಯಿಟ್ಟು ಒಳಗೆ ಹೋಗಿ ಬಗ್ಗಿ, ಕನ್ನಡಕ ಸರಿ ಮಾಡ್ಕೊಂಡು, ಕಲ್ಲಿನ ಮೇಲೆ ಹೆಬ್ಬೆರಳು ಆಡಿಸಿದ್ರು.  ಅಲ್ಲಿಂದ ನಮ್ಮನೆಗೆ ಬಂದು ಮದುವೆ ಲಾಡು ಕೊಟ್ರು. ಇಳಿಯುವಾಗ ನಾನು ಅವ್ರಿಗಿಂತ ಮುಂಚೆ ಓಡಿ, ಒರಳ ಮುಂದೆ ಸೆರಗು ಹರಡ್ಕೊಂಡು ನಿಂತೆ. ಅವ್ರು ನನ್ನ ಸೆರಗನ್ನ ನೋಡಿ, ಬಣ್ಣ ಚೆನ್ನಾಗಿದೆ ಅಂದು ಹೋದ್ರು.

ಶುಕ್ರವಾರ ಇಂಜಿನಿಯರು ಬರೋದು. ಶುಕ್ರವಾರವೇ ಶೆಡ್ಡಿಗೆ ಕಾರು ಬರೋದು. ದೇವಸ್ಥಾನ ಎದ್ದಿರೋ ಜಾಗಾನ ಯಾವ ಇಂಜಿನಿಯರೂ ಮುಟ್ಟಲ್ಲ, ಫೈಲು ಅಲ್ಲಿಗೇ ಮುಚ್ಚತ್ತೆ ಅಂತ ಟೀಚರು ನನಗೇ ಬಂದು ಹೇಳಿದ್ರು. ಅವ್ರ ಮುಖ ನೋಡೋಕಾಗ್ಲಿಲ್ಲ ನನಗೆ. ಮಕ್ಕಳ ಚಾಪೆಗಳ್ನ ಆಗ್ಲೇ ಸುತ್ತಿ ಹಗ್ಗ ಕಟ್ಟಿಟ್ಟಿದ್ರು.

ಆ ವಾರ ಪೂರ್ತಿ ಅವ್ರು ಜಗಳ ಆಡ್ಲಿಲ್ಲ, ಅರ್ಜಿ ಬರೀಲಿಲ್ಲ. ದಿನಾ ಬೆಳಗ್ಗೆ, ಸಾಯಂಕಾಲ ಒಂದೊಂದು ಕೊಡ ನೀರು ತಂದು ಆ ಹೊಸ ನೆಲದ ಮೇಲೆ ಸುರಿಯೋರು. ಕಮಿಟಿಯವ್ರಿಗೆ ಖುಷಿಯೋ ಖುಷಿ. ಎಂಥ ಭಕ್ತಿ ಅಮ್ಮಂದು, ದೇವ್ರ ಅಂಗಳ ಒಣಗೋಕೆ ಬಿಡಲ್ಲ ಅಂತ ಅವ್ರೂ ನಾಲ್ಕು ಬಿಂದಿಗೆ ಸುರಿದ್ರು. ನನಗೆ ಒಂದೇ ಯೋಚ್ನೆ. ಇವ್ರೂ ಸೋತು ಕೈ ಮುಗಿದ್ಬಿಟ್ರಾ ಅಂತ. ಬುಧವಾರ ತಡೀಲಾರ್ದೆ ಕೇಳ್ದೆ, ಈಗೇನ್ಮಾಡ್ತೀರಾ ಅಂತ.

“ಕಾಯ್ತೀನಿ” ಅಂದ್ರು. ಅಷ್ಟೊತ್ತಿಗೆ ವಿಮಾನ ಬಂತು. ಅದು ಹೋದಮೇಲೆ ಮುಂದೆ ಏನಾದ್ರೂ ಹೇಳ್ತಾರೆ ಅಂತ ಕಾದೆ. ಅವತ್ತು ಒಂದೇ ಒಂದು ಸಲ, ಅವ್ರು ಮುಂದುವರ್ಸಲಿಲ್ಲ. ಇದು ನನಗೇ ಹೇಳ್ತಿರೋದು, ನನ್ನ ಬಾಯಿಂದ ಬರ್ಲಿ ಅಂತಾನೇ ಕಾಯ್ತಿದ್ದಾರೆ ಅಂತ ಖಚಿತ ಆಗೋಯ್ತು.

ಗುರುವಾರ ಯಜಮಾನ್ರಿಗೆ ಹೇಳ್ದೆ. ಅವ್ರು ಪೇಪರ್ ಕೆಳಗಿಟ್ಟು, “ಇಷ್ಟು ದಿನ ನಾನು ನಮ್ಮಮ್ಮನ ಗುಂಡಿಗೆ ಸುತ್ತು ಹಾಕ್ತಿದ್ನಾ?” ಅಂದ್ರು. ಆಮೇಲೆ, ಅಮ್ಮಂಗೆ ಬದುಕಿದ್ದಾಗ ಒಂದು ಸುತ್ತೂ ಹಾಕ್ಲಿಲ್ಲ ಬಿಡು ಅಂದ್ರು. ಬೈತಾರೆ ಅಂದ್ಕೊಂಡಿದ್ದೆ. ಬೈಲಿಲ್ಲ. ಅವ್ರೇ ಸ್ಟೂಲ್ ಹಾಕ್ಕೊಂಡು ಅಟ್ಟದ ಮೇಲಿಂದ ಗುಂಡಿನ ಮರದ ಹಿಡಿ ಹುಡುಕಿ ಕೊಟ್ರು.

ಶುಕ್ರವಾರ ಬೆಳಗ್ಗೆ ಪೂಜೆ ಹೊತ್ತಿಗೆ ಹೋದೆ. ಇಪ್ಪತ್ತು ಮೂವತ್ತು ಜನ ಇದ್ರು. ಅವ್ರು ಪಕ್ಕದಲ್ಲಿ ತಮ್ಮ ಕಬ್ಬಿಣದ ಕುರ್ಚಿ ಮೇಲೆ.  ಪೂಜೆಯವ್ರನ್ನ ಸ್ವಲ್ಪ ಜರುಗಿ ಅಂದೆ, ತೂತಲ್ಲಿದ್ದ ಹೂ ತೆಗೆದೆ, ಹಿಡಿ ಸಿಗಿಸ್ದೆ. ಕರೆಕ್ಟಾಗಿ ಕೂತ್ಕೊಂತು. ಎರಡು ಸುತ್ತು ತಿರುಗಿಸ್ದೆ ಕೂಡ, ಅಭ್ಯಾಸ ಬಲ.

ಇದು ನಮ್ಮನೆ ರುಬ್ಬೋ ಗುಂಡು, ಕಸ ಹಾಕ್ಬಾರ್ದು ಅಂತ ನಾನೇ ಇಟ್ಟಿದ್ದು, ತಪ್ಪಾಯ್ತು ಅಂದೆ.

 ಕನಸು ಬಿದ್ದಿದ್ದ ಅತ್ತೆ ಸೊಸೆ ಮುಖ ನೋಡಿದ್ರು. ಕೇಬಲ್‌ನವ್ರ ಮುಖ ಕಪ್ಪಿಟ್ಟಿತ್ತು. ಗುಂಡೋ ಗಿಂಡೋ, ಇಷ್ಟು ದಿನ ಪೂಜೆ ಆಗಿದೆ, ಇನ್ಮೇಲೆ ಇದು ದೇವ್ರೇ, ಇಲ್ಲಿಂದ ಅಲ್ಲಾಡ್ಸೋಕೆ ಬಿಡಲ್ಲ ಅಂದ್ರು. ನನಗೆ ಅಳು ಬಂತು.

ಆಗ ಅವ್ರು ಕುರ್ಚಿಯಿಂದ ಎದ್ರು. ಕೊಡೆಯಿಂದ ನಕ್ಷೆ ತೆಗೆದು ಕೇಬಲ್‌ನವ್ರಿಗೆ ಬಿಚ್ಚಿ ತೋರಿಸಿದ್ರು. ಬೆರಳಿಟ್ಟು, ಇದೇ ಅಲ್ವೇನಪ್ಪಾ ನಿಮ್ಮ ತಾತನ ಹೊಲ, ಎಷ್ಟು ಮನೆ ರಾಗಿ ತಿಂದಿರ್ಬೋದು ಇದ್ರದ್ದು ಅಂದ್ರು. ಕೇಬಲ್‌ನವ್ರು ಬಗ್ಗಿ ನೋಡಿದ್ರು. ಬಹಳ ಹೊತ್ತು ನೋಡಿದ್ರು. ಇವ್ರು ಅಂದ್ರು: “ನೀವು ಹೇಳೋದು ಸರಿ. ಇದು ದೇವ್ರೇ. ಆದ್ರೆ ಅನ್ನ ಹಾಕೋ ದೇವ್ರು. ಇಂಥ ದೇವ್ರು ಅಡಿಗೆಮನೇಲಿರ್ಬೇಕು, ಸುತ್ತ ಮಕ್ಕಳಿರ್ಬೇಕು. ನೆರಳು ನೀವು ಹಾಕಿಸಿದ್ದೀರಾ. ಮಕ್ಕಳನ್ನ ಕರೀಲಾ?”

ಕೇಬಲ್‌ನವ್ರು ಹೆಗಲ ಮೇಲಿನ ಟವೆಲ್ ತೆಗೆದು ಕಣ್ಣೊರೆಸಿಕೊಂಡು, ಕಂಬಕ್ಕೆ ಕಟ್ಟಿದ್ದ ಮೈಕ್ ಸೆಟ್ ಬಿಚ್ಚೋಕೆ ಶುರು ಮಾಡಿದ್ರು. ಹತ್ತು ನಿಮಿಷದಲ್ಲಿ ಟೀಚರು ಮಕ್ಕಳ ಸಾಲು ಕರ್ಕೊಂಡು ಬಂದ್ರು, ತಲೆ ಮೇಲೆ ಚಾಪೆ ಹೊತ್ಕೊಂಡು. ಇಂಜಿನಿಯರು ಬಂದಾಗ ಶೀಟಿನ ಕೆಳಗೆ, ಸಿಮೆಂಟ್ ನೆಲದ ಮೇಲೆ, ಬಾಲವಾಡಿ ನಡೀತಿತ್ತು. ಮಕ್ಕಳಿಗೆ ಪ್ರಸಾದದ ರಸಾಯನ. ಇಂಜಿನಿಯರು ಒಂದು ಸುತ್ತು ಬಂದು, ಇಲ್ಲಿ ಎಷ್ಟು ದಿನದಿಂದ ನಡೀತಿದೆ ಅಂತ ಕೇಳಿದ್ರು. ಇವ್ರು ಉತ್ತರ ಹೇಳೋಕೆ ಬಾಯಿ ತೆಗೆದ್ರು, ಅಷ್ಟ್ರಲ್ಲಿ ವಿಮಾನ ಬಂತು. ವಿಮಾನ ಹೋಗೋಷ್ಟ್ರಲ್ಲಿ ಇಂಜಿನಿಯರು ಜಾಗ ಬಳಕೇಲಿದೆ ಅಂತ ಬರ್ಕೊಂಡಾಗಿತ್ತು.

ಬೋರ್ಡ್ ಬರೆಸುವಾಗ ಎಲ್ರೂ ಅವ್ರ ಹೆಸರು ಹಾಕೋಣ ಅಂದ್ವಿ. ಖಾಲಿ ಜಾಗಕ್ಕೆ ಒಬ್ಬರ ಹೆಸರು ಬಿದ್ರೆ ಮಿಕ್ಕವ್ರು ಕುರ್ಚಿ ತರಲ್ಲ ಅಂತ ಖಂಡಿತ ಬೇಡ ಅಂದ್ರು. ಹಠ ಮಾಡಿದ್ದಕ್ಕೆ, ನೆರಳು ಕೊಟ್ಟವರು ಅಂತ ಕೇಬಲ್‌ನವ್ರ ತಾತನ ಹೆಸರು ಬರೆಸಿದ್ರು. ಕೇಬಲ್‌ನವ್ರು ಇವತ್ತಿಗೂ ದಸರಾಕ್ಕೆ ಬಂದು ಆ ಬೋರ್ಡಿಗೆ ಹಾರ ಹಾಕ್ತಾರೆ. ಕುರ್ಚಿ ಹಾಕಿದವ್ರೇ ಬೇಡ ಅಂದಿದ್ದಕ್ಕೆ ನಾನೂ ಇಲ್ಲಿ ಅವ್ರ ಹೆಸರು ಹಾಕಿಲ್ಲ.

ಗುಂಡು ಬಾಲವಾಡಿ ಅಡಿಗೆಮನೇಲಿದೆ. ನಮ್ಮ ಒರಳೂ ಅಲ್ಲಿಗೇ ಹೋಯ್ತು, ನಾಲ್ಕು ಜನ ಹೊತ್ಕೊಂಡು ಹೋದ್ರು. ಆಮೇಲೆ ಅವ್ರು ಕುರ್ಚಿ ಎತ್ಕೊಂಡು ಕಮ್ಮನಹಳ್ಳಿಯ ಒಂದು ಬೀಗ ಹಾಕಿದ ಪಂಪ್‌ಹೌಸ್ ಮುಂದೆ ಕೂರೋಕೆ ಹೋದ್ರು, ಅದು ಬೇರೆ ಕಥೆ. ಅಲ್ಲಿ ಈಗ ಹೊಲಿಗೆ ಕ್ಲಾಸು.

ಹೋದ ವರ್ಷ ಮಾರತ್ತಹಳ್ಳಿಗೆ ಹೋಗಿ ಅವ್ರನ್ನ ನೋಡ್ದೆ, ಮಗಳ ಫ್ಲ್ಯಾಟಲ್ಲಿದ್ರು. ಮೈ ಇಳಿದೋಗಿತ್ತು. ನಾನು ತಗೊಂಡ್ಹೋದ ಬಾಲವಾಡಿ ಫೋಟೋನ ಮೊದಲು ಕಿಟಕಿ ಬೆಳಕಿಗೆ ಹಿಡಿದ್ರು. ಎಷ್ಟೋ ವರ್ಷದಿಂದ ಹೇಳ್ಬೇಕು ಅಂತಿದ್ದ ಮಾತನ್ನ ಅವತ್ತು ಹೇಳ್ಬಿಟ್ಟೆ. ಕೋಲಾರದಿಂದ ಬಂದ ದಿನವೇ ಅದು ನಮ್ಮನೆ ಗುಂಡು ಅಂತ ನಿಮಗೆ ಗೊತ್ತಿತ್ತು, ಆದ್ರೂ ಜನರ ಮುಂದೆ ನನ್ನ ಮಾನ ಕಳೀಲಿಲ್ಲ. ಒಂದು ವಾರ ಪೂರ್ತಿ, ನನ್ನ ಮನಸ್ಸಾಕ್ಷಿ ಏಳ್ಲಿ ಅಂತ ನನ್ನ ಮೇಲೆ ನಂಬಿಕೆ ಇಟ್ಟು ಕಾದ್ರಿ, ಅದನ್ನ ನಾನು ಸಾಯೋವರ್ಗೂ ಮರೆಯಲ್ಲ ಅಂದೆ. 

ಅವ್ರು ಏನೋ ಹೇಳೋಕೆ ಹೋದ್ರು. ಏರ್ಪೋರ್ಟು ಊರಾಚೆ ಹೋದಮೇಲೆ ಅಪರೂಪಕ್ಕೆ ಬರೋ ವಿಮಾನ, ಅವತ್ತು ಒಂದು ಬಂತು. ಇಬ್ರೂ ಮೇಲೆ ನೋಡಿದ್ವಿ. ಅದು ದೂರ ಹೋಯ್ತು. ಅವ್ರು ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು ನನ್ನನ್ನ ನೋಡಿದ್ರು.

“ನಿನ್ನ ಮನಸ್ಸಾಕ್ಷಿಗೆ ಯಾರೇ ಕಾಯ್ತಿದ್ರು? ನಾನು ಸಿಮೆಂಟ್ ಗಟ್ಟಿಯಾಗ್ಲಿ ಅಂತ ಕಾಯ್ತಿದ್ದೆ.”